ಆರೋಗ್ಯವಂತರ ಮೇಲೆ ಔಷಧ ಪ್ರಯೋಗ: ಸಹಿ ಹಾಕೋ ಮುಂಚೆ ಇಷ್ಟು ಗೊತ್ತಿರಲಿ

ದೊಡ್ಡಬಳ್ಳಾಪುರ: ಕಾಯಿಲೆನೇ ಇಲ್ಲದವರು ಔಷಧಿ ಯಾಕೆ ತಗೋಬೇಕು? ಹೊಸ ಔಷಧಿಯನ್ನು ಮೊದಲ ಸಲ ಮನುಷ್ಯರಿಗೆ ಕೊಡುವಾಗ ಬಹಳ ಸಲ ನಡೆಯೋದು ಇದೇ. ಇದಕ್ಕೆ ಮೊದಲ ಹಂತದ ಕ್ಲಿನಿಕಲ್ ಟ್ರಯಲ್ ಅಂತಾರೆ. ಕಾಯಿಲೆ ವಾಸಿಯಾಗುತ್ತಾ ಅನ್ನೋದು ಆಗ ಮುಖ್ಯ ಪ್ರಶ್ನೆ ಅಲ್ಲ. ಎಷ್ಟು ಡೋಸ್ ದೇಹ ತಡೆದುಕೊಳ್ಳುತ್ತೆ, ರಕ್ತದಲ್ಲಿ ಔಷಧಿ ಎಷ್ಟು ದಿನ ಉಳಿಯುತ್ತೆ, ತೊಂದರೆ ಏನಾದ್ರೂ ಕಾಣಿಸುತ್ತಾ ಅಂತ ನೋಡ್ತಾರೆ. ಬರುವವರಿಗೆ ಅವರ ಸಮಯಕ್ಕೆ, ಓಡಾಟಕ್ಕೆ ಅಂತ ಹಣವೂ ಇರುತ್ತೆ. ಮಗ್ಗ ನಿಂತ ತಿಂಗಳಲ್ಲಿ, ಗೋದಾಮಿನ ಕಾಂಟ್ರ್ಯಾಕ್ಟ್ ಮುಗಿದಾಗ ಆ ಹಣ ದೊಡ್ಡದಾಗಿಯೇ ಕಾಣುತ್ತೆ.

ಮಾತ್ರೆಯ ಪ್ರಯೋಗಕ್ಕೂ ಆ್ಯಂಟಿಬಾಡಿ ಔಷಧಿಯ ಪ್ರಯೋಗಕ್ಕೂ ವ್ಯತ್ಯಾಸ ಇದೆ. ಆ್ಯಂಟಿಬಾಡಿ ಅಂದ್ರೆ ಪ್ರತಿಕಾಯ. ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಪದ. ಲಸಿಕೆ ಹಾಕಿದರೆ ದೇಹವೇ ಪ್ರತಿಕಾಯ ತಯಾರಿಸುತ್ತೆ. ಆ್ಯಂಟಿಬಾಡಿ ಔಷಧಿಯಲ್ಲಿ ಕಾರ್ಖಾನೆಯಲ್ಲಿ ತಯಾರಾದ ಪ್ರತಿಕಾಯವನ್ನು ಇಂಜೆಕ್ಷನ್ ಅಥವಾ ಡ್ರಿಪ್ ಮೂಲಕ ನೇರ ಒಳಗೆ ಬಿಡ್ತಾರೆ. ಔಷಧಿ ಹೆಸರಿನ ಕೊನೆಗೆ 'ಮ್ಯಾಬ್' ಅಂತಿದ್ದರೆ ಅದು ಈ ಜಾತಿಯದು. ಇದೇನು ದೂರದ ಮಾತಲ್ಲ. ಬೆಂಗಳೂರಿನ ಬಯೋಕಾನ್ ಕಂಪನಿ ತಲೆ ಮತ್ತು ಕತ್ತಿನ ಕ್ಯಾನ್ಸರ್‌ಗೆ ನಿಮೋಟುಝುಮ್ಯಾಬ್ ಅನ್ನು 2006ರಲ್ಲೂ, ಸೋರಿಯಾಸಿಸ್‌ಗೆ ಇಟೋಲಿಝುಮ್ಯಾಬ್ ಅನ್ನು 2013ರಲ್ಲೂ ಮಾರುಕಟ್ಟೆಗೆ ತಂದಿತು. ಕ್ಯಾನ್ಸರ್ ಔಷಧಿಗಳನ್ನು ಸಾಮಾನ್ಯವಾಗಿ ಆರೋಗ್ಯವಂತರಿಗೆ ಕೊಡಲ್ಲ, ಮೊದಲಿಂದಲೇ ರೋಗಿಗಳಿಗೆ ಕೊಟ್ಟು ನೋಡ್ತಾರೆ. ಆರೋಗ್ಯವಂತರ ಮೇಲಿನ ಪ್ರಯೋಗಕ್ಕೆ ನಮ್ಮ ರಾಜ್ಯದ ಉದಾಹರಣೆ ಬೇಕಂದ್ರೆ ಲಸಿಕೆಯದ್ದಿದೆ. 2020ರಲ್ಲಿ ಕೊವ್ಯಾಕ್ಸಿನ್ ಪ್ರಯೋಗಕ್ಕೆ ಆಯ್ಕೆಯಾದ 12 ಸಂಸ್ಥೆಗಳಲ್ಲಿ ಬೆಳಗಾವಿಯ ಜೀವನ್ ರೇಖಾ ಆಸ್ಪತ್ರೆಯೂ ಒಂದು. ಅದರ ಮೊದಲ ಹಂತದಲ್ಲಿ ದೇಶದಾದ್ಯಂತ 375 ಆರೋಗ್ಯವಂತರು ಭಾಗವಹಿಸಿದ್ದರು.

ಆ್ಯಂಟಿಬಾಡಿ ವಿಷಯದಲ್ಲಿ ಮುಖ್ಯವಾಗಿ ತಿಳಿಯಬೇಕಾದ್ದು ಇದು: ಬಹಳಷ್ಟು ಮಾತ್ರೆಗಳು ಒಂದೆರಡು ದಿನದಲ್ಲಿ ದೇಹದಿಂದ ಹೋಗಿಬಿಡುತ್ತವೆ. ಸಾಮಾನ್ಯ ಆ್ಯಂಟಿಬಾಡಿ ಹಾಗಲ್ಲ, ಅರ್ಧ ಕಡಿಮೆಯಾಗೋಕೇ ಸುಮಾರು ಎರಡು ಮೂರು ವಾರ ಬೇಕು. ಹಾಗಾಗಿ ತಿಂಗಳುಗಟ್ಟಲೆ ರಕ್ತ ಪರೀಕ್ಷೆಗೆ ಕರೀತಾರೆ. ಯಾವಾಗ ಬೇಕಾದ್ರೂ, ಕಾರಣ ಹೇಳದೆ ಟ್ರಯಲ್ ಬಿಟ್ಟು ಬರೋ ಹಕ್ಕು ಎಲ್ಲರಿಗೂ ಇದೆ. ಆದ್ರೆ ಮುಂದಿನ ಡೋಸ್ ಬೇಡ ಅನ್ನಬಹುದೇ ಹೊರತು, ಒಳಗೆ ಹೋದದ್ದನ್ನು ವಾಪಸ್ ತೆಗೆಯೋಕೆ ಆಗಲ್ಲ.

ಇದರ ಅಪಾಯ ಜಗತ್ತಿಗೆ ಗೊತ್ತಾಗಿದ್ದು ಲಂಡನ್ನಿನಲ್ಲಿ. 2006ರ ಮಾರ್ಚ್ 13ರಂದು ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆ ಆವರಣದ ಘಟಕದಲ್ಲಿ ಎಂಟು ಆರೋಗ್ಯವಂತ ಯುವಕರು ಟಿಜಿಎನ್1412 ಅನ್ನೋ ಆ್ಯಂಟಿಬಾಡಿ ಪ್ರಯೋಗಕ್ಕೆ ಮಲಗಿದ್ದರು. ಆರು ಜನಕ್ಕೆ ಔಷಧಿ, ಇಬ್ಬರಿಗೆ ಔಷಧಿ ಇಲ್ಲದ ಖಾಲಿ ದ್ರವ. ಕೊಟ್ಟಿದ್ದು ಕೆ.ಜಿ. ತೂಕಕ್ಕೆ 0.1 ಮಿಲಿಗ್ರಾಂ, ಅಂದ್ರೆ 60 ಕೆ.ಜಿ. ಆಳಿಗೆ ಬರೀ 6 ಮಿಲಿಗ್ರಾಂ. ಪ್ರಾಣಿಗಳಿಗೆ ಸುರಕ್ಷಿತ ಅಂತ ಕಂಡ ಡೋಸಿನ 500ರಲ್ಲಿ ಒಂದು ಭಾಗ. ಆದ್ರೂ ಒಂದೆರಡು ಗಂಟೆಯೊಳಗೆ ತಲೆನೋವು, ವಾಂತಿ, ಜ್ವರ ಶುರುವಾಗಿ ಆರೂ ಜನ ಐಸಿಯು ಸೇರಿದರು, ಅಂಗಾಂಗಗಳು ಕೈಕೊಟ್ಟವು. ಆರೂ ಮಂದಿ ಬದುಕಿದರು, ಒಬ್ಬರು ಮಾತ್ರ ಕಾಲ್ಬೆರಳು, ಕೈಬೆರಳ ತುದಿ ಕಳೆದುಕೊಂಡರು. ಮಂಗಗಳಲ್ಲಿ ಸುಮ್ಮನಿದ್ದ ಔಷಧಿ ಮನುಷ್ಯರ ರೋಗನಿರೋಧಕ ಕಣಗಳನ್ನು ಒಮ್ಮೆಲೇ ಕೆರಳಿಸಿತ್ತು. ಒಬ್ಬರಿಗೆ ಏನಾಗುತ್ತೆ ಅಂತ ಕಾದು ನೋಡದೆ, ಹತ್ತತ್ತು ನಿಮಿಷದ ಅಂತರದಲ್ಲಿ ಒಬ್ಬರಾದ ಮೇಲೊಬ್ಬರಿಗೆ ಕೊಟ್ಟದ್ದು ಆರೂ ಜನರನ್ನು ಸಿಕ್ಕಿಸಿತು. ಆಮೇಲೆ ಇಂಥ ಔಷಧಿಗೆ ಮೊದಲು ಒಬ್ಬರಿಗೆ ಕೊಟ್ಟು, ಕಾದು, ನಂತರ ಉಳಿದವರಿಗೆ ಕೊಡೋ ಪದ್ಧತಿ ಬಂತು. ಮೊದಲ ಡೋಸ್ ಲೆಕ್ಕ ಹಾಕೋ ಕ್ರಮವೂ ಬಿಗಿಯಾಯ್ತು. "ನನಗಿಂತ ಮುಂಚೆ ಎಷ್ಟು ಜನಕ್ಕೆ ಕೊಟ್ಟಿದ್ದೀರಿ, ಇಬ್ಬರ ನಡುವೆ ಎಷ್ಟು ಹೊತ್ತು ಬಿಡ್ತೀರಿ?" ಅಂತ ಡಾಕ್ಟರನ್ನು ಕೇಳೋದು ಅಧಿಕಪ್ರಸಂಗ ಅಲ್ಲ.

ನಮ್ಮಲ್ಲಿ ಈಗ ಇರೋದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಬೇಕು, ನೀತಿ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿಯಲ್ಲಿ ಕನಿಷ್ಠ 7 ಜನ ಇರಬೇಕು, ಅದರಲ್ಲಿ ಒಬ್ಬರು ಮಹಿಳೆ, ಒಬ್ಬರು ಕಾನೂನು ಬಲ್ಲವರು, ಒಬ್ಬರು ಜನಸಾಮಾನ್ಯರು. ಅರ್ಧದಷ್ಟಾದರೂ ಆ ಸಂಸ್ಥೆಗೆ ಸಂಬಂಧ ಇಲ್ಲದವರಾಗಿರಬೇಕು. ಒಪ್ಪಿಗೆ ಪತ್ರ ಸಹಿ ಹಾಕುವವರಿಗೆ ಅರ್ಥವಾಗೋ ಭಾಷೆಯಲ್ಲಿರಬೇಕು, ಅಂದ್ರೆ ಕನ್ನಡದಲ್ಲಿ ಕೇಳಿ ಪಡೆಯಬಹುದು. ಓದೋಕೆ ಬರದವರಿಗೆ ಸಾಕ್ಷಿಯ ಎದುರಲ್ಲೇ ವಿವರಿಸಬೇಕು.

ಟ್ರಯಲ್‌ನಿಂದ ತೊಂದರೆ ಆದ್ರೆ ಉಚಿತ ಚಿಕಿತ್ಸೆ, ಜೊತೆಗೆ ಪರಿಹಾರ. ಜೀವವೇ ಹೋದ್ರೆ ವಯಸ್ಸು ಮತ್ತು ಮೊದಲಿದ್ದ ಕಾಯಿಲೆ ನೋಡಿ ಲೆಕ್ಕ ಹಾಕ್ತಾರೆ. ಆರೋಗ್ಯವಂತರಿಗೆ ಈ ಲೆಕ್ಕ ಹೆಚ್ಚು: 65 ದಾಟಿದವರಿಗೂ 32 ಲಕ್ಷ ರೂಪಾಯಿ, ಚಿಕ್ಕ ವಯಸ್ಸಿನವರಿಗೆ ಅದಕ್ಕಿಂತ ಜಾಸ್ತಿ. ಓಡಾಟಕ್ಕೆ ಕೊಡೋ ಹಣವೇ ಬೇರೆ, ಈ ಪರಿಹಾರವೇ ಬೇರೆ. ಎರಡನ್ನೂ ಒಂದೇ ಅಂದುಕೊಂಡು ಸುಮ್ಮನಾಗಬಾರದು.

ಒಂದು ಟ್ರಯಲ್ ಮುಗಿಯೋ ಮುಂಚೆ ಮುಚ್ಚಿಟ್ಟು ಇನ್ನೊಂದಕ್ಕೆ ಹೋಗೋದು ಮಾತ್ರ ಬೇಡ. ಹಳೇದು ರಕ್ತದಲ್ಲಿರುವಾಗಲೇ ಹೊಸದು ಸೇರಿದರೆ ಯಾವುದರಿಂದ ಏನಾಯ್ತು ಅಂತ ಡಾಕ್ಟರಿಗೂ ತಿಳಿಯಲ್ಲ. ಯಾರೋ ಪರಿಚಯದವರು ಕರೆದರು ಅಂತ ಹೊರಡೋದಕ್ಕೆ ಮುಂಚೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. 2009ರ ಜೂನ್ 15ರಿಂದ ಟ್ರಯಲ್‌ಗಳ ನೋಂದಣಿ ಕಡ್ಡಾಯ, ಮೊಬೈಲ್‌ನಲ್ಲೇ ಉಚಿತವಾಗಿ ಹುಡುಕಬಹುದು. ಸಹಿಯಾದ ಒಪ್ಪಿಗೆ ಪತ್ರದ ಒಂದು ಪ್ರತಿ ಮನೆಯಲ್ಲಿರಲಿ, ಡಾಕ್ಟರ್ ಮತ್ತು ನೀತಿ ಸಮಿತಿಯ ಫೋನ್ ನಂಬರ್ ಅದರಲ್ಲೇ ಇರುತ್ತೆ. ಮಧ್ಯರಾತ್ರಿ ಜ್ವರ ಬಂದು ತಾಲ್ಲೂಕು ಆಸ್ಪತ್ರೆಗೆ ಓಡಬೇಕಾದ್ರೂ ಡ್ಯೂಟಿ ಡಾಕ್ಟರಿಗೆ ಮೊದಲು ತೋರಿಸಬೇಕಾದ್ದು ಆ ಕಾಗದವನ್ನೇ.