ಮತ್ತೆ ಜೀನು ಏರಿದ ಲಿಸ್ ಹಾರ್ಟೆಲ್

ಹುಬ್ಬಳ್ಳಿಯಲ್ಲಿ ಬೆಳೆದ ನನಗೆ ಕುದುರೆ ಏರಿದ ಹೆಣ್ಣು ಅಂದರೆ ಚೆನ್ನಮ್ಮ ಸರ್ಕಲ್‌ನ ಕಿತ್ತೂರು ಚೆನ್ನಮ್ಮ. ಬಸ್ಸು ಆ ವೃತ್ತ ಸುತ್ತುವಾಗಲೆಲ್ಲ ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದೆ. ಕೈಯಲ್ಲಿ ಕತ್ತಿ, ಕೆಳಗೆ ಕುದುರೆ, ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. ಕೆಲಸಕ್ಕೆಂದು ಪುಣೆಗೆ ಬಂದು, ಮೂವತ್ತು ದಾಟಿದ ಮೇಲೆ ಶನಿವಾರದ ರೈಡಿಂಗ್ ಕ್ಲಾಸಿಗೆ ಸೇರಿದಾಗ ತಲೆಯಲ್ಲಿದ್ದದ್ದು ಅದೇ ಚಿತ್ರ. ಐದನೇ ತಿಂಗಳಲ್ಲಿ ಕುದುರೆ ಯಾವುದಕ್ಕೋ ಬೆದರಿತು, ನಾನು ಬಿದ್ದೆ, ಕೊರಳೆಲುಬು ಮುರಿಯಿತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಹೇಳಿಕೊಳ್ಳೋಣವೆಂದರೆ ನಮಗೆ ಮೀಸೆಯೂ ಇಲ್ಲ! ಎಲುಬು ಕೂಡಿತು, ಧೈರ್ಯ ಕೂಡಲಿಲ್ಲ. "ಅದರ ಗೊಡವಿ ನಿನಗ್ಯಾಕ ಬೇಕಿತ್ತವಾ" ಎಂದಳು ಅವ್ವ ಫೋನಿನಲ್ಲಿ. ನನಗೂ ಹಾಗೇ ಅನ್ನಿಸಿತ್ತು.

ಕೈಯನ್ನು ಜೋಳಿಗೆಗೆ ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದ ದಿನಗಳಲ್ಲಿ ಓದಿದ್ದು ಲಿಸ್ ಹಾರ್ಟೆಲ್ ಕತೆ. ಕ್ರೀಡೆಯ ಇತಿಹಾಸದಲ್ಲಿ ಈ ಹೆಸರು ದೊಡ್ಡದು. ನಮ್ಮ ಕಡೆ ಕೇಳಿದವರು ಕಡಿಮೆ, ಅದಕ್ಕೇ ಬರೆಯುತ್ತಿದ್ದೇನೆ.

ಲಿಸ್ ಹುಟ್ಟಿದ್ದು 1921ರಲ್ಲಿ, ಡೆನ್ಮಾರ್ಕಿನಲ್ಲಿ. ಚಿಕ್ಕಂದಿನಿಂದ ಕುದುರೆ ಅಂದರೆ ಪ್ರಾಣ. ಆಕೆಯ ವಿಭಾಗ ಡ್ರೆಸಾಜ್. ಇದರಲ್ಲಿ ಓಟವಿಲ್ಲ, ಬೇಲಿ ಹಾರುವುದಿಲ್ಲ. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳದಲ್ಲಿ ಕುದುರೆ ನಡಿಗೆ ಬದಲಿಸಬೇಕು, ಅಡ್ಡಡ್ಡ ಸಾಗಬೇಕು, ಹೇಳಿದ ಕಡೆ ಹೇಳಿದ ಹೆಜ್ಜೆ ಇಡಬೇಕು. ಸವಾರರು ಏನು ಹೇಳಿದರು ಎಂಬುದು ಮಾತ್ರ ನೋಡುವವರ ಕಣ್ಣಿಗೆ ಬೀಳಬಾರದು. 1943 ಮತ್ತು 1944ರಲ್ಲಿ ಲಿಸ್ ಡೆನ್ಮಾರ್ಕಿನ ಚಾಂಪಿಯನ್ ಆದಳು.

ಅದೇ 1944ರ ಸೆಪ್ಟೆಂಬರ್‌ನಲ್ಲಿ ಆಕೆಗೆ ಪೋಲಿಯೋ ಬಂತು. ವಯಸ್ಸು 23, ಮಡಿಲಲ್ಲಿ ಒಂದು ಮಗು, ಹೊಟ್ಟೆಯಲ್ಲಿ ಇನ್ನೊಂದು. ನಮ್ಮ ತಲೆಮಾರಿಗೆ ಪೋಲಿಯೋ ಅಂದರೆ ಭಾನುವಾರ ಬೂತಿನಲ್ಲಿ ನಾಲಿಗೆಗೆ ಬಿದ್ದ ಎರಡು ಹನಿ, ಅಷ್ಟೆ. ಆಗ ಲಸಿಕೆ ಇರಲಿಲ್ಲ, ಸಾಕ್ ಲಸಿಕೆ ಬಳಕೆಗೆ ಬಂದದ್ದು 1955ರಲ್ಲಿ. ಈ ವೈರಸ್ಸು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳನ್ನೇ ಕೊಲ್ಲುತ್ತದೆ. ಸ್ಪರ್ಶ ಉಳಿಯುತ್ತದೆ, ಚಲನೆ ಹೋಗುತ್ತದೆ. ಲಿಸ್‌ಗೆ ಕೈ, ತೊಡೆ, ಕಾಲು ಎಲ್ಲಕ್ಕೂ ಪೆಟ್ಟು ಬಿತ್ತು. ಹೊಟ್ಟೆಯಲ್ಲಿದ್ದ ಹೆಣ್ಣುಮಗು ಆರೋಗ್ಯವಾಗಿ ಹುಟ್ಟಿತು. ತಾಯಿ ಮಾತ್ರ ಕೈ ಎತ್ತುವುದನ್ನು ಹೊಸದಾಗಿ ಕಲಿತಳು, ತೆವಳುವುದನ್ನು ಕಲಿತಳು, ಊರುಗೋಲು ಹಿಡಿದು ನಿಲ್ಲುವುದನ್ನು ಕಲಿತಳು. ಮನೆಯಲ್ಲಿ ಹಸುಗೂಸು, ಪಕ್ಕದಲ್ಲೇ ತೆವಳುವುದನ್ನು ಕಲಿಯುತ್ತಿರುವ ತಾಯಿ. ಓದುವಾಗ ನಾನು ಇಲ್ಲಿ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಮೊಣಕಾಲಿನಿಂದ ಕೆಳಗಿನ ಬಲ ಮರಳಿ ಬರಲೇ ಇಲ್ಲ.

ಕುದುರೆ ಹತ್ತಿದವರಿಗೆ ಇದರ ಅರ್ಥ ಗೊತ್ತು. ಸವಾರಿಯಲ್ಲಿ ಲಗಾಮು ಎಲ್ಲರ ಕಣ್ಣಿಗೆ ಬೀಳುತ್ತದೆ, ಹೆಚ್ಚಿನ ಕೆಲಸ ಮಾಡುವುದು ಕಾಲು. ಮೀನಖಂಡದಿಂದ ಪಕ್ಕೆ ಒತ್ತಿದರೆ ಮುಂದಕ್ಕೆ, ಕಾಲನ್ನು ತುಸು ಹಿಂದಕ್ಕೆ ಸರಿಸಿ ಒತ್ತಿದರೆ ಹಿಂಭಾಗ ಅಡ್ಡಕ್ಕೆ. ರಿಕಾಬಿನಲ್ಲಿ ಪಾದ ನಿಲ್ಲದಿದ್ದರೆ ಕೂರುವುದೇ ಕಷ್ಟ. ಆದರೂ ಲಿಸ್ ಮತ್ತೆ ಹತ್ತಿದಳು. ಬೇರೆಯವರು ಎತ್ತಿ ಜೀನಿನ ಮೇಲೆ ಕೂರಿಸಬೇಕಿತ್ತು, ಬೇರೆಯವರೇ ಇಳಿಸಬೇಕಿತ್ತು. ಗಂಡ ಮತ್ತು ತಾಯಿ ಬೆನ್ನಿಗೆ ನಿಂತರು.

ಧೈರ್ಯ ಮರಳಿ ಬರುವುದು ಎಂದರೆ ಮೊದಲಿದ್ದದ್ದೇ ಮತ್ತೆ ಸಿಗುವುದು ಎಂದು ನಾನು ಅಂದುಕೊಂಡಿದ್ದೆ. ಲಿಸ್‌ಗೆ ಆ ದಾರಿ ಮುಚ್ಚಿಹೋಗಿತ್ತು. ಹಾಗಾಗಿ ಬೆನ್ನು ಮತ್ತು ಸೊಂಟದಿಂದ, ದೇಹದ ಭಾರವನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ಕುದುರೆಗೆ ಮಾತು ತಲುಪಿಸುವುದನ್ನು ಅಭ್ಯಾಸ ಮಾಡಿದಳು. ಮೈಮೇಲೆ ಒಂದು ನೊಣ ಕೂತರೂ ಕುದುರೆ ಅಷ್ಟೇ ಜಾಗದ ಚರ್ಮವನ್ನು ಅದುರಿಸುತ್ತದೆ, ಅಷ್ಟು ಸೂಕ್ಷ್ಮ ಪ್ರಾಣಿ. ಜೂಬಿಲಿ ಎಂಬ ಹೆಣ್ಣು ಕುದುರೆ ಈ ಹೊಸ ಭಾಷೆಯನ್ನು ಆಕೆಯ ಜೊತೆ ಕಲಿಯಿತು. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ ಹಳೆಯ ಇಂಟರ್‌ಫೇಸ್ ಸತ್ತಿತ್ತು, ಹೊಸದನ್ನು ಇಬ್ಬರೂ ಕೂತು ಬರೆದರು. 1947ರಲ್ಲಿ, ಕಾಯಿಲೆ ಬಿದ್ದು ಮೂರೇ ವರ್ಷಕ್ಕೆ, ಸ್ಕ್ಯಾಂಡಿನೇವಿಯಾದ ಚಾಂಪಿಯನ್‌ಶಿಪ್‌ನಲ್ಲಿ ಲಿಸ್ ಎರಡನೆಯ ಸ್ಥಾನ ಪಡೆದಳು.

ಆದರೆ ಒಲಿಂಪಿಕ್ಸ್? ಅಲ್ಲಿ ಡ್ರೆಸಾಜ್ ಸೇನಾಧಿಕಾರಿಗಳ ಸೊತ್ತಿನಂತಿತ್ತು. ಹೆಂಗಸರಿಗೆ ಬಾಗಿಲಿಲ್ಲ, ಸೇನೆಯಲ್ಲಿದ್ದರೂ ಅಧಿಕಾರಿ ದರ್ಜೆ ಇಲ್ಲದವರಿಗೂ ಬಾಗಿಲಿಲ್ಲ. 1948ರ ಲಂಡನ್ ಕ್ರೀಡಾಕೂಟಕ್ಕೆ ಸ್ವೀಡನ್ ತನ್ನ ಸಾರ್ಜೆಂಟ್ ಗೆನಾಲ್ ಪೆರ್ಸನ್‌ಗೆ ಲೆಫ್ಟಿನೆಂಟ್ ಪದವಿ ಕೊಟ್ಟು ಕಳಿಸಿತು. ತಂಡ ಚಿನ್ನ ಗೆದ್ದಿತು. ಕೂಟ ಮುಗಿದ ಕೆಲವೇ ವಾರಗಳಲ್ಲಿ ಪೆರ್ಸನ್ ಮತ್ತೆ ಸಾರ್ಜೆಂಟ್! ವಿಷಯ ಬಯಲಾಗಿ ಚಿನ್ನ ಫ್ರಾನ್ಸಿನ ಪಾಲಾಯಿತು. ಕುದುರೆಗೆ ಬೆನ್ನ ಮೇಲಿರುವವರ ಭುಜದ ಪಟ್ಟಿ ಎಲ್ಲಿ ಕಾಣುತ್ತದೆ? ಈ ಗದ್ದಲದ ನಂತರ ನಿಯಮ ಸಡಿಲವಾಗಿ, 1952ರಲ್ಲಿ ಡ್ರೆಸಾಜ್ ಎಲ್ಲರಿಗೂ ತೆರೆಯಿತು, ಹೆಂಗಸರಿಗೂ. ಅದೂ ಪ್ರತ್ಯೇಕ ವಿಭಾಗವಲ್ಲ, ಗಂಡಸರ ಜೊತೆಗೇ ಪೈಪೋಟಿ. ಬೇಲಿ ಹಾರುವ ಸ್ಪರ್ಧೆಗೆ ಹೆಂಗಸರು ಇನ್ನೂ ನಾಲ್ಕು ವರ್ಷ ಕಾಯಬೇಕಾಯಿತು.

ಹೆಲ್ಸಿಂಕಿಯ ಆ ಅಂಗಳಕ್ಕೆ ನಾಲ್ವರು ಹೆಂಗಸರು ಇಳಿದರು. ಸ್ವೀಡನ್ನಿನ ಸೇನಾಧಿಕಾರಿ ಹೆನ್ರಿ ಸೇಂಟ್ ಸೀರ್‌ಗೆ 561 ಅಂಕ, ಚಿನ್ನ. ಲಿಸ್ ಹಾರ್ಟೆಲ್‌ಗೆ 541.5, ಬೆಳ್ಳಿ. ಫ್ರಾನ್ಸಿನ ಆಂದ್ರೆ ಜೂಸೋಮ್‌ಗೆ 541, ಕಂಚು. ಬೆಳ್ಳಿ ಬಂದದ್ದು ಅರ್ಧ ಅಂಕದಿಂದ. ಕುದುರೆಯಿಂದ ಇಳಿಯಲು ನೆರವು ಬೇಕಿದ್ದ ಆಕೆಯನ್ನು ಪದಕ ವೇದಿಕೆಗೆ ಹತ್ತಿಸಿದ್ದು ಆಕೆಯನ್ನು ಸೋಲಿಸಿದ ಸೇಂಟ್ ಸೀರ್. ಒಲಿಂಪಿಕ್ ಕುದುರೆ ಸವಾರಿಯಲ್ಲಿ ಗಂಡಸರ ಎದುರು ಹೆಣ್ಣೊಬ್ಬಳು ವೈಯಕ್ತಿಕ ಪದಕ ಗೆದ್ದದ್ದು ಅದೇ ಮೊದಲು.

1956ರ ಒಲಿಂಪಿಕ್ಸ್ ಮೆಲ್ಬರ್ನ್‌ನಲ್ಲಿ. ಆಸ್ಟ್ರೇಲಿಯಾದ ಕ್ವಾರಂಟೈನ್ ಕಾನೂನು ವಿದೇಶಿ ಕುದುರೆಗಳನ್ನು ಒಳಗೆ ಬಿಡದ ಕಾರಣ ಸವಾರಿ ಸ್ಪರ್ಧೆಗಳು ಮಾತ್ರ ಸ್ಟಾಕ್‌ಹೋಮ್‌ನಲ್ಲಿ ನಡೆದವು. ಅಲ್ಲಿಯೂ ಚಿನ್ನ ಸೇಂಟ್ ಸೀರ್‌ಗೆ, ಬೆಳ್ಳಿ ಜೂಬಿಲಿಯನ್ನೇರಿದ ಲಿಸ್‌ಗೆ. ಈ ಬಾರಿ ಕಂಚೂ ಒಬ್ಬ ಹೆಣ್ಣುಮಗಳಿಗೆ, ಜರ್ಮನಿಯ ಲಿಸೆಲಾಟ್ ಲಿನ್ಸೆನ್‌ಹಾಫ್‌ಗೆ. ಅಂಗವೈಕಲ್ಯ ಇರುವವರಿಗೆ ಕುದುರೆ ಸವಾರಿಯನ್ನೇ ಚಿಕಿತ್ಸೆಯಾಗಿ ಕೊಡುವ ಪದ್ಧತಿ ಯುರೋಪಿನಲ್ಲಿ ಬೇರೂರಲು ಲಿಸ್ ದೊಡ್ಡ ಪ್ರೇರಣೆಯಾದಳು. ತೀರಿಕೊಂಡದ್ದು 2009ರಲ್ಲಿ.

ಇವತ್ತಿಗೂ ಒಲಿಂಪಿಕ್ಸ್‌ನ ಸವಾರಿ ಅಂಗಳದಲ್ಲಿ ಹೆಣ್ಣು ಗಂಡು ಎಂಬ ಪ್ರತ್ಯೇಕ ಪಟ್ಟಿ ಇಲ್ಲ. ಏಷ್ಯನ್ ಗೇಮ್ಸ್‌ನಲ್ಲೂ ಅಷ್ಟೇ. 2023ರ ಹಾಂಗ್‌ಝೌ ಕೂಟದಲ್ಲಿ ಡ್ರೆಸಾಜ್ ಚಿನ್ನ ಗೆದ್ದ ನಮ್ಮ ತಂಡದ ನಾಲ್ವರಲ್ಲಿ ಸುದೀಪ್ತಿ ಹಜೇಲಾ ಮತ್ತು ದಿವ್ಯಕೃತಿ ಸಿಂಗ್ ಇಬ್ಬರು ಹೆಣ್ಣುಮಕ್ಕಳು. ಭಾರತಕ್ಕೆ ಏಷ್ಯಾಡ್ ಸವಾರಿಯಲ್ಲಿ ಚಿನ್ನ ಬಂದದ್ದು 41 ವರ್ಷಗಳ ನಂತರ.

ನಾನೂ ಮತ್ತೆ ಕ್ಲಾಸಿಗೆ ಹೋಗುತ್ತಿದ್ದೇನೆ. ಲಿಸ್‌ಳ ಕಷ್ಟದ ಪಕ್ಕದಲ್ಲಿ ನನ್ನದನ್ನು ಇಡಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮೊದಲ ದಿನ ಲಗಾಮು ಹಿಡಿದ ಕೈ ಎಷ್ಟು ಬಿಗಿಯಾಗಿತ್ತೆಂದರೆ ಕುದುರೆ ತಲೆ ಕೊಡವಿ ಸಿಡುಕಿತು. ಕಲಿಸುವವರು ಲಗಾಮನ್ನೇ ತೆಗೆದುಕೊಂಡರು. ಉದ್ದ ಹಗ್ಗ ಹಿಡಿದು ನಡುವೆ ನಿಂತು, ಕಣ್ಣು ಮುಚ್ಚಿ ಕೂತುಕೊಳ್ಳಿ, ಎಡಕ್ಕೆ ತುಸು ಭಾರ ಕೊಡಿ ಎಂದರು. ಕೊಟ್ಟೆ. ಕುದುರೆ ಎಡಕ್ಕೆ ಬಂತು. ಸದ್ಯಕ್ಕೆ ವಾರಕ್ಕೆ ಇಪ್ಪತ್ತು ನಿಮಿಷ, ಬರೀ ನಡಿಗೆ. ಓಟದ ಮಾತೇ ಎತ್ತಿಲ್ಲ. ಅವ್ವನಿಗೂ ಹೇಳಿಲ್ಲ. ಈ ಸಂಚಿಕೆಯ ಲಿಂಕ್ ಕಳಿಸಿದ ದಿನ ಫೋನ್ ಬರುತ್ತದೆ.