ಕನ್ನಡಕದ ಗುರಿಗಾರ

ಒಲಿಂಪಿಕ್ಸ್‌ನಲ್ಲಿ ರೈಫಲ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ. ಹತ್ತು ಮೀಟರ್ ದೂರ, ಗಾಳಿಯ ಒತ್ತಡಕ್ಕೆ ಹಾರುವ ಪುಟ್ಟ ಗುಂಡು. ಆದರೆ ನೂರು ವರ್ಷದ ಹಿಂದೆ ಕಥೆಯೇ ಬೇರೆ ಇತ್ತು. ಆಗ 'ಮಿಲಿಟರಿ ರೈಫಲ್' ಅಂತಲೇ ಸ್ಪರ್ಧೆಗಳಿದ್ದವು. ಸೈನಿಕರು ಯುದ್ಧಕ್ಕೆ ಒಯ್ಯುವಂಥ ಬಂದೂಕನ್ನೇ ಹಿಡಿದು 300 ಮೀಟರ್, 600 ಮೀಟರ್ ದೂರದ ಗುರಿಗೆ ಹೊಡೆಯಬೇಕು.

1912ರ ಸ್ಟಾಕ್‌ಹೋಮ್ ಕೂಟದಲ್ಲಿ 300 ಮೀಟರ್ ಮಿಲಿಟರಿ ರೈಫಲ್ ಚಿನ್ನ ಹಂಗೇರಿಯ ಶಾಂದೋರ್ ಪ್ರೊಕೊಪ್‌ಗೆ ಸಿಕ್ಕಿತು. ಎರಡೇ ವರ್ಷಕ್ಕೆ ಮೊದಲ ಮಹಾಯುದ್ಧ ಶುರುವಾಯ್ತು. ಜತೆಗೆ ಗುರಿ ಹೊಡೆದ ದೇಶಗಳೇ ಎದುರುಬದುರು ನಿಂತವು. ಅದು ಮುಗಿದ ಮೇಲೆ, 1920ರಲ್ಲಿ, ಒಲಿಂಪಿಕ್ಸ್ ನಡೆದದ್ದು ಯುದ್ಧದಲ್ಲಿ ನಲುಗಿದ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ. ಸೋತ ಜರ್ಮನಿ, ಆಸ್ಟ್ರಿಯಾ, ಹಂಗೇರಿಗಳಿಗೆ ಆಮಂತ್ರಣವೇ ಇರಲಿಲ್ಲ. ರೈಫಲ್ ಸ್ಪರ್ಧೆಗಳು ನಡೆದದ್ದು ಬೆವರ್ಲೋ ಎಂಬಲ್ಲಿನ ಸೇನಾ ಶಿಬಿರದಲ್ಲಿ! ಯುದ್ಧ ನಿಂತು ಎರಡು ವರ್ಷವೂ ಆಗಿರಲಿಲ್ಲ. ಅದೇ ಬಂದೂಕುಗಳಿಗೆ ಈಗ ಪದಕ.

ಆ ಕೂಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವನು ವಿಲ್ಲಿಸ್ ಲೀ. ಅಮೆರಿಕದ ನೌಕಾಪಡೆಯ ಅಧಿಕಾರಿ, ಊರು ಕೆಂಟಕಿ. ಈತನ ದೃಷ್ಟಿ ಮಂದ, ಕನ್ನಡಕ ಬೇಕೇ ಬೇಕು. ಆದರೂ ಆ ಒಂದೇ ಕೂಟದಲ್ಲಿ ಏಳು ಪದಕ ಗೆದ್ದ: ಐದು ಚಿನ್ನ, ಒಂದು ಬೆಳ್ಳಿ, ಒಂದು ಕಂಚು. ಐದು ಚಿನ್ನವೂ ತಂಡದ ಸ್ಪರ್ಧೆಗಳವು, ಅದರಲ್ಲಿ ಮೂರು ಮಿಲಿಟರಿ ರೈಫಲ್‌ನಲ್ಲಿ ಬಂದವು. ಆತನ ಸಹ ಆಟಗಾರ ಲಾಯ್ಡ್ ಸ್ಪೂನರ್ ಕೂಡ ಅಲ್ಲಿ ಏಳು ಪದಕ ಗೆದ್ದ. ಒಂದೇ ಒಲಿಂಪಿಕ್ಸ್‌ನಲ್ಲಿ ಏಳಕ್ಕಿಂತ ಹೆಚ್ಚು ಪದಕ ಗೆಲ್ಲಲು 1980ರವರೆಗೆ ಯಾರಿಗೂ ಆಗಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಇದು ಬರೀ ಕ್ರೀಡಾ ದಾಖಲೆ. ಆದರೆ ಲೀ ನೌಕಾಪಡೆಯಲ್ಲೇ ಮೇಲೇರಿ ಅಡ್ಮಿರಲ್ ಆದ. ಆಗ ತಾನೇ ಬಂದಿದ್ದ ರಾಡಾರನ್ನು ಚೆನ್ನಾಗಿ ಅರಗಿಸಿಕೊಂಡಿದ್ದ. 1942ರ ನವೆಂಬರ್ 14-15ರ ರಾತ್ರಿ, ಗ್ವಾಡಲ್‌ಕೆನಾಲ್ ದ್ವೀಪದ ಬಳಿ, ಆತನಿದ್ದ 'ವಾಷಿಂಗ್ಟನ್' ಯುದ್ಧನೌಕೆ ಕಗ್ಗತ್ತಲಲ್ಲಿ ರಾಡಾರ್ ನೆರವಿನಿಂದ ಗುರಿಯಿಟ್ಟು ಜಪಾನಿನ 'ಕಿರಿಶಿಮಾ'ದ ಮೇಲೆ 16 ಇಂಚಿನ ಫಿರಂಗಿ ಹಾರಿಸಿತು. ಬೆಳಗಾಗುವ ಮೊದಲೇ ಆ ಹಡಗು ಮುಳುಗಿತು. ಒಳಗಿದ್ದ ನೂರಾರು ಜನರೂ ಹೋದರು.

ಜಪಾನ್ ಶರಣಾಗತಿ ಘೋಷಿಸಿ ಹತ್ತು ದಿನಕ್ಕೆ, 1945ರ ಆಗಸ್ಟ್ 25ರಂದು, ಲೀ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 57.

ಇನ್ನು ಮಿಲಿಟರಿ ರೈಫಲ್ ಸ್ಪರ್ಧೆ? ಅದಕ್ಕೆ 1920ರದೇ ಕೊನೆ. 1924ರ ಪ್ಯಾರಿಸ್ ಕೂಟದ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಒಳ್ಳೆಯದೇ ಆಯ್ತು ಅನ್ನಿಸುತ್ತೆ ನನಗೆ. ಓಟ, ಈಜು ಕಲಿತವನು ಅದನ್ನು ರಣರಂಗಕ್ಕೆ ಒಯ್ಯಲೇಬೇಕೆಂದಿಲ್ಲ. ಸೈನಿಕನ ಬಂದೂಕಿನ ಆಟ ಮಾತ್ರ ಶುರುವಾಗುವುದೇ ಅಲ್ಲಿಂದ. ಹಾಗಂತ ಲೀಯ ಗುರಿಯನ್ನು ಮೆಚ್ಚದೆ ಇರೋಕೂ ಆಗ್ತಿಲ್ಲ... ಪದಕದ ಲೀಯನ್ನೂ ಆ ರಾತ್ರಿಯ ಲೀಯನ್ನೂ ಬೇರೆ ಬೇರೆ ಮಾಡಿ ನೋಡೋಕೆ ನಿಮಗೆ ಸಾಧ್ಯವಾ?