ತದ್ರೂಪದ ಕನಸು, ಆಕರಕೋಶದ ನಿಜ

ನೆಲಕ್ಕೆ ಬಿದ್ದ ಒಂದೊಂದು ರಕ್ತದ ಹನಿಯಿಂದಲೂ ತನ್ನಂತಹ ಮತ್ತೊಬ್ಬ ಅಸುರ ಹುಟ್ಟುವ ರಕ್ತಬೀಜನ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೇವೆ. ಗಾಂಧಾರಿಯ ಪಿಂಡವು ತುಪ್ಪದ ಕುಂಭಗಳಲ್ಲಿ ಬೆಳೆದು ಕೌರವರಾದ ಕಥೆಯನ್ನೂ ಬಲ್ಲೆವು. ಇವುಗಳನ್ನು ಮುಂದಿಟ್ಟು, ಇಂದಿನ ವಿಜ್ಞಾನವೆಲ್ಲ ಅಂದೇ ನಮ್ಮಲ್ಲಿತ್ತು ಎನ್ನುವವರುಂಟು. ನಾನು ಆ ಮಾತನ್ನು ಒಪ್ಪುವವನಲ್ಲ. ಕಲ್ಪನೆ ಬೇರೆ, ಸಾಧನೆ ಬೇರೆ. ಆದರೆ ದೇಹದ ಒಂದು ಕಣದಿಂದ ಇಡೀ ದೇಹವನ್ನು ಪಡೆಯುವ ಆಸೆ ಬಹು ಪುರಾತನವಾದುದು ಎಂಬುದಕ್ಕೆ ಈ ಕಥೆಗಳು ಸಾಕ್ಷಿಯಾಗಿವೆ.

ಈ ವಿಷಯವನ್ನು ನಾನು ಆರಿಸಿಕೊಳ್ಳಲು ಕಾರಣವೊಂದಿದೆ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಗಳಿಯ ನಮ್ಮ ಮನೆಗೆ ಬಂದ. ಅವನ ಮಗನಿಗೆ ಸ್ನಾಯುಗಳು ದಿನೇ ದಿನೇ ಕ್ಷೀಣಿಸುವ ಕಾಯಿಲೆ. ಕೈಯಲ್ಲೊಂದು ಬಣ್ಣದ ಕರಪತ್ರವಿತ್ತು. “ಸ್ಟೆಮ್ ಸೆಲ್ ಹಾಕಿದರೆ ಹುಡುಗ ನಡೀತಾನಂತೆ ಮೇಷ್ಟ್ರೇ. ಬಾವಿ ಕೆಳಗಿನ ತೋಟ ಮಾರೋಣ ಅಂತಿದ್ದೀನಿ. ನೀವೇನು ಹೇಳ್ತೀರಿ?” ಎಂದು ಕೇಳಿದ. ನನಗೆ ಉತ್ತರ ತಿಳಿದಿರಲಿಲ್ಲ. ಕೆಲವು ದಿನಗಳ ಕಾಲಾವಕಾಶ ಕೇಳಿ, ಓದಲು ಕುಳಿತೆ. ಅಂದು ಓದಿದ್ದನ್ನೂ ಅನಂತರ ತಿಳಿದುಕೊಂಡದ್ದನ್ನೂ ಇಲ್ಲಿ ಸಂಗ್ರಹವಾಗಿ ನಿವೇದಿಸುತ್ತೇನೆ.

ತದ್ರೂಪ ಸೃಷ್ಟಿಗೆ ಇಂಗ್ಲಿಷಿನವರು ಬಳಸುವ ‘ಕ್ಲೋನ್’ ಎಂಬ ಪದಕ್ಕೆ ಗ್ರೀಕ್ ಮೂಲದಲ್ಲಿ ರೆಂಬೆ, ಕಡ್ಡಿ ಎಂದರ್ಥ. 1903ರಲ್ಲಿ ಹರ್ಬರ್ಟ್ ವೆಬ್ಬರ್ ಎಂಬ ಸಸ್ಯವಿಜ್ಞಾನಿ ಇದನ್ನು ಬಳಕೆಗೆ ತಂದ. ನಮ್ಮ ಮಡಕಶಿರಾ ಸೀಮೆಯ ರೇಷ್ಮೆ ರೈತ ಹಿಪ್ಪುನೇರಳೆಯ ಕಡ್ಡಿ ಕತ್ತರಿಸಿ ನೆಡುವಾಗ ಮಾಡುವುದೂ ತದ್ರೂಪ ಸೃಷ್ಟಿಯೇ! ಹೊಸ ಗಿಡ ತಾಯಿಗಿಡದ ಪಡಿಯಚ್ಚು. ಮನುಷ್ಯನ ವಿಚಾರದಲ್ಲಿ ಈ ಪದವನ್ನು 1963ರಲ್ಲಿ ಬಳಸಿದವರು, ಭಾರತದ ಪೌರತ್ವ ಪಡೆದು ಭುವನೇಶ್ವರದಲ್ಲಿ ಕೊನೆಯುಸಿರೆಳೆದ ಜೆ.ಬಿ.ಎಸ್. ಹಾಲ್ಡೇನ್.

ಗಿಡಕ್ಕೆ ಸುಲಭವಾದದ್ದು ಪ್ರಾಣಿಗೆ ಸುಲಭವಲ್ಲ. 1962ರಲ್ಲಿ ಜಾನ್ ಗರ್ಡನ್ ಕಪ್ಪೆಯ ಕರುಳಿನ ಕೋಶಕೇಂದ್ರದಿಂದ ಗೊದಮೊಟ್ಟೆಗಳನ್ನು ಪಡೆದರು. ಸ್ತನಿಗಳಲ್ಲಿ ಇದು ಕೈಗೂಡಿದ್ದು 1996ರ ಜುಲೈ 5ರಂದು, ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ‘ಡಾಲಿ’ ಎಂಬ ಕುರಿಮರಿ ಹುಟ್ಟಿದಾಗ. ಆರು ವರ್ಷದ ಕುರಿಯ ಕೆಚ್ಚಲಿನ ಕೋಶವನ್ನು, ಕೇಂದ್ರ ತೆಗೆದ ಅಂಡದೊಡನೆ ಬೆಸೆದಿದ್ದರು. 277 ಯತ್ನಗಳಲ್ಲಿ ಹುಟ್ಟಿ ಉಳಿದದ್ದು ಆ ಒಂದೇ ಮರಿ. ನಮ್ಮ ದೇಶದ ಕರ್ನಾಲಿನಲ್ಲಿ 2009ರಲ್ಲಿ ‘ಗರಿಮಾ’ ಎಂಬ ಎಮ್ಮೆಗರು ಇದೇ ಮಾರ್ಗದಲ್ಲಿ ಜನಿಸಿತು.

ಮಾನವ ಶಿಶುವಿನ ಮಾತೇನು? 2002ರ ಕೊನೆಯಲ್ಲಿ ಒಂದು ಪಂಥದವರು ತದ್ರೂಪಿ ಮಗು ಹುಟ್ಟಿತೆಂದು ಸಾರಿದರೂ ಪುರಾವೆ ಕೊಡಲಿಲ್ಲ. ದಕ್ಷಿಣ ಕೊರಿಯಾದ ಹ್ವಾಂಗ್ ವೂ ಸುಕ್ ತದ್ರೂಪಿ ಭ್ರೂಣದಿಂದ ಕೋಶಗಳನ್ನು ಪಡೆದೆನೆಂದು 2004 ಮತ್ತು 2005ರಲ್ಲಿ ಪ್ರಕಟಿಸಿದ್ದು ಸುಳ್ಳೆಂದು ಸಾಬೀತಾಯಿತು. ನೂರಾರು ಗರ್ಭಗಳನ್ನು ಸೋಲಿಗೆ ಒಡ್ಡಿ ಒಂದು ಮಗುವನ್ನು ಪಡೆಯುವುದು ಧರ್ಮವೇ ಎಂಬ ಪ್ರಶ್ನೆಗೆ ಭಾರತದ ಮಾರ್ಗಸೂಚಿಗಳು ಸ್ಪಷ್ಟವಾಗಿ ‘ಅಲ್ಲ’ ಎಂದಿವೆ. ಮಾನವ ಶಿಶುವಿನ ತದ್ರೂಪ ಸೃಷ್ಟಿ ಇಲ್ಲಿ ನಿಷಿದ್ಧ.

ಇನ್ನು ಆಕರಕೋಶದ ಕಥೆ. ಕಾಂಡಕೋಶವೆಂದೂ ಕರೆಯಲ್ಪಡುವ ಇದು ತಾನೂ ಉಳಿದು, ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲದು. ಹೆಪ್ಪಿನ ಮೊಸರು ಹಾಲನ್ನು ಮೊಸರಾಗಿಸಿಯೂ ಮರುದಿನಕ್ಕೆ ಹೆಪ್ಪಾಗಿ ಉಳಿಯುವಂತೆ. ರಕ್ತದ ಆಕರಕೋಶ ಅಸ್ಥಿಮಜ್ಜೆಯಲ್ಲಿದೆಯೆಂಬುದನ್ನು 1961ರಲ್ಲಿ ಕೆನಡಾದ ಟಿಲ್ ಮತ್ತು ಮೆಕ್ಕಲಕ್ ಪ್ರಯೋಗದಿಂದ ತೋರಿಸಿದರು. 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಆಕರಕೋಶಗಳನ್ನು ಬೇರ್ಪಡಿಸಿ ಬೆಳೆಸಿದರು. ಭ್ರೂಣವನ್ನು ಬಳಸುವುದು ಸರಿಯೇ ಎಂಬ ವಿವಾದ ಎದ್ದಿತು. 2006ರಲ್ಲಿ ಜಪಾನಿನ ಶಿನ್ಯಾ ಯಾಮಾನಾಕಾ ಇಲಿಯ ಸಾಮಾನ್ಯ ಕೋಶವನ್ನೇ ಹಿಂದಕ್ಕೆ ನಡೆಸಿ ಆಕರಕೋಶದಂತಾಗಿಸಿ, ಭ್ರೂಣವಿಲ್ಲದ ದಾರಿಯನ್ನು ತೋರಿದರು. ಅವರಿಗೂ ಗರ್ಡನ್ ಅವರಿಗೂ 2012ರ ನೊಬೆಲ್ ಪಾರಿತೋಷಕ ಒಟ್ಟಿಗೆ ಸಂದಿತು.

ಈ ಇತಿಹಾಸ ದೂರದೇಶಗಳದ್ದು ಮಾತ್ರವಲ್ಲ. ಕಾಯಿಲೆ ಬಿದ್ದರೆ ನಾವು ಹೋಗುವ ಬೆಂಗಳೂರು, ವೆಲ್ಲೂರು, ಹೈದರಾಬಾದುಗಳಲ್ಲಿಯೂ ಅದು ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮ್‌ದಾರ್ ಅವರ ತಂಡವು, ಬಳಕೆಗೆ ಬಾರದೆಂದು ಬಿಟ್ಟ ಭ್ರೂಣಗಳಿಂದ ಎರಡು ಮಾನವ ಆಕರಕೋಶ ಸಂತತಿಗಳನ್ನು ಬೆಳೆಸಿ 2009ರಲ್ಲಿ ಪ್ರಕಟಿಸಿತು. ಅದೇ ನಗರದಲ್ಲಿ ಆಕರಕೋಶ ಸಂಶೋಧನೆಗೆಂದೇ ‘ಇನ್‌ಸ್ಟೆಮ್’ ಎಂಬ ಸಂಸ್ಥೆ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1986ರಿಂದ ಅಸ್ಥಿಮಜ್ಜೆಯ ಕಸಿ ನಡೆಯುತ್ತಿದೆ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗಿಗಳು ಐವರಿಗೆ, ಅವರದೇ ಆಕರಕೋಶಗಳಿಗೆ ಇಲ್ಲದ ಜೀನನ್ನು ಸೇರಿಸಿ ಮರಳಿಸಿದ ಪ್ರಯೋಗದ ವರದಿ ಅಲ್ಲಿಂದಲೇ 2024ರಲ್ಲಿ ಹೊರಬಂದಿತು.

ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ಕೆಲಸ ನಮ್ಮ ಹಳ್ಳಿಗಳಿಗೆ ಇನ್ನೂ ಹತ್ತಿರವಾದುದು. ಎಲೆಯಡಿಕೆಯ ಸುಣ್ಣ ಮಕ್ಕಳ ಕಣ್ಣಿಗೆ ಸಿಡಿದರೆ ಕರಿಗುಡ್ಡೆಯ ಅಂಚಿನ ಆಕರಕೋಶಗಳು ಸುಟ್ಟು, ಕಣ್ಣಿಗೆ ಪೊರೆ ಕವಿಯುತ್ತದೆ. ಆಗ ಚೆನ್ನಾಗಿರುವ ಇನ್ನೊಂದು ಕಣ್ಣಿನ ಅಂಚಿನಿಂದ ಎರಡು ಮಿಲಿಮೀಟರಿನಷ್ಟು ತುಣುಕನ್ನು ತೆಗೆದು, ಸಣ್ಣ ಚೂರುಗಳಾಗಿಸಿ ಸುಟ್ಟ ಕಣ್ಣಿನ ಮೇಲೆ ನೆಡುತ್ತಾರೆ. ಈ ಸರಳ ವಿಧಾನವನ್ನು ವೀರೇಂದ್ರ ಸಾಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ಲೋಕದ ಮುಂದಿಟ್ಟರು. ಒಂದೆಡೆಯ ಪೈರನ್ನು ಕಿತ್ತು ಇನ್ನೊಂದೆಡೆ ನಾಟಿ ಮಾಡಿದಂತೆ!

ಹೀಗೆ ರಕ್ತದಲ್ಲಿ, ಕಣ್ಣಿನಲ್ಲಿ ಫಲ ಕಂಡಿದೆ. ಹಾಗೆಂದು ಸ್ನಾಯುವಿನಲ್ಲಿ, ಮಿದುಳಿನಲ್ಲಿಯೂ ಕಂಡಿದೆಯೆನ್ನಲಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಮಾರ್ಗಸೂಚಿಗೆ 2007ರಲ್ಲಿ ‘ಸಂಶೋಧನೆ ಮತ್ತು ಚಿಕಿತ್ಸೆ’ ಎಂಬ ಹೆಸರಿತ್ತು. 2013ರಲ್ಲಿ ಪರಿಷ್ಕರಿಸಿದಾಗ ‘ಚಿಕಿತ್ಸೆ’ ಎಂಬ ಪದವನ್ನೇ ತೆಗೆದುಹಾಕಿದರು. ಒಂದು ಪದವನ್ನು ಅಳಿಸುವುದರಲ್ಲಿಯೂ ಎಷ್ಟೊಂದು ಅರ್ಥವಿದೆ! ಅಂಗೀಕೃತ ಕಸಿಯಂಥವುಗಳನ್ನು ಬಿಟ್ಟರೆ ಉಳಿದದ್ದು ಇನ್ನೂ ಪ್ರಯೋಗ. ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಹಣ ಪಡೆಯುವಂತಿಲ್ಲ.

ನನ್ನ ವಿದ್ಯಾರ್ಥಿಗೆ ಇದನ್ನೇ ಹೇಳಿದೆ. ಹಣ ಕೇಳುತ್ತಾರೆಂದ ಮೇಲೆ ಅದು ಪ್ರಯೋಗವಲ್ಲ. ಚಿಕಿತ್ಸೆಯೆಂದು ಅದಿನ್ನೂ ಒಪ್ಪಿತವಾಗಿಲ್ಲ. ಹಾಗಾದರೆ ಅದು ವ್ಯಾಪಾರ. ಅವನು ಬೆಂಗಳೂರಿನ ನರರೋಗ ತಜ್ಞರೊಬ್ಬರನ್ನು ಕಂಡು ಬಂದ. ಅವರ ಅಭಿಪ್ರಾಯವೂ ಅದೇ ಆಗಿತ್ತು. ತೋಟ ಉಳಿಯಿತು. ಹುಡುಗ ನಡೆಯಲಿಲ್ಲ. ಗಾಲಿಕುರ್ಚಿಯಲ್ಲಿಯೇ ಶಾಲೆಗೆ ಬಂದು ಹತ್ತನೆಯ ತರಗತಿ ಮುಗಿಸಿದ. ಒಬ್ಬ ತಂದೆಯ ಆಸೆಯನ್ನು ನನ್ನ ಕೈಯಾರೆ ಕಿತ್ತೆನಲ್ಲಾ ಎಂಬ ಕೊರಗು ನನ್ನನ್ನು ಬಹುಕಾಲ ಕಾಡಿತು. ಮುಂದೊಂದು ದಿನ ಆ ಕಾಯಿಲೆಗೂ ಮದ್ದು ದೊರೆತೀತು. ಅಂದು ಅವನಿಗೆ ಸುದ್ದಿ ಮುಟ್ಟಿಸುವವರಲ್ಲಿ ನಾನೇ ಮೊದಲಿಗನಾಗಬೇಕೆಂಬ ಹಂಬಲವಿದೆ.

ನಮ್ಮ ಗಡಿನಾಡಿನ ಮಕ್ಕಳಲ್ಲಿ ಕೆಲವರಾದರೂ ಆ ಸಂಶೋಧನಾಲಯಗಳ ಬಾಗಿಲು ತಟ್ಟಲಿ. ಅಲ್ಲಿಯವರೆಗೆ, ಕರಪತ್ರ ಹಿಡಿದು ಬಂದವರಿಗೆ ನಿಜವನ್ನು ಕನ್ನಡದಲ್ಲಿ ತಿಳಿಯಹೇಳುವ ಹೊಣೆ ಓದುಬಲ್ಲ ನಮ್ಮೆಲ್ಲರದು.